ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು, ಜರ್ಮನಿಯ ಅಪ್‌ಲೋಡ್ ಮಾತ್ರ ನಿಂತಿತ್ತು

ಮೊದಲೇ ಹೇಳಿಬಿಡುತ್ತೇನೆ, ಈ ತಪ್ಪು ಮಾಡಿದ್ದು ನಾನೇ. ಇಂಟರ್ನೆಟ್ ಕೊಡುವ ಐಎಸ್‌ಪಿ ಮೇಲೆ ಹಾಕೋಣ ಅಂತ ಎರಡು ದಿನ ಪ್ರಯತ್ನಪಟ್ಟೆ, ಆಗಲಿಲ್ಲ.

ನಾನು ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ನಮಗೆ ಸ್ವಂತ ಎಎಸ್ ನಂಬರ್ ಇದೆ, ಅಂದರೆ ಇಂಟರ್ನೆಟ್‌ನಲ್ಲಿ ನಮ್ಮ ನೆಟ್‌ವರ್ಕ್‌ನ ಗುರುತಿನ ಸಂಖ್ಯೆ. ಹಿಂದೆ ಯಾವಾಗಲೋ, ಭಾರತದಲ್ಲಿ ಐಪಿ ವಿಳಾಸ ಹಂಚುವ ಐಆರ್‌ಐಎನ್‌ಎನ್‌ನಿಂದ ಪಡೆದ ಒಂದು /22 ಇದೆ, ಅಂದರೆ 1024 ಐಪಿ ವಿಳಾಸಗಳ ಗುಂಪು (ಗೆರೆಯ ಮುಂದಿನ ಅಂಕಿ ಹೆಚ್ಚಿದಷ್ಟೂ ಗುಂಪು ಚಿಕ್ಕದು). ವರ್ಷಗಟ್ಟಲೆ ಅಷ್ಟನ್ನೂ ಒಂದೇ ಪ್ರಿಫಿಕ್ಸ್ (ವಿಳಾಸಗಳ ಗುಂಪು) ಆಗಿ ಬೆಂಗಳೂರಿನ ಡೇಟಾ ಸೆಂಟರ್‌ನಿಂದ ಬಿಜಿಪಿಯಲ್ಲಿ ಅನೌನ್ಸ್ ಮಾಡುತ್ತಿದ್ದೆವು. ಬಿಜಿಪಿ ಅಂದರೆ ಯಾವ ವಿಳಾಸ ಎಲ್ಲಿದೆ ಅಂತ ನೆಟ್‌ವರ್ಕ್‌ಗಳು ಒಂದಕ್ಕೊಂದು ಸಾರಿ ಹೇಳುವ ವ್ಯವಸ್ಥೆ. ಆಮೇಲೆ ಮುಂಬೈನಲ್ಲಿ ಇನ್ನೊಂದು ಡೇಟಾ ಸೆಂಟರ್ ಬಂತು. ಗ್ರಾಹಕರು ಫೈಲ್ ಹಾಕುವ ಸರ್ವರ್‌ಗಳನ್ನು ಅಲ್ಲಿಗೆ ಸಾಗಿಸಿದೆವು. ಅವುಗಳ ಜೊತೆ /22ರಲ್ಲಿದ್ದ ಒಂದು /24 (256 ವಿಳಾಸ) ಕೂಡ ಮುಂಬೈಗೆ ಹೋಯಿತು, ಅದನ್ನು ಅಲ್ಲಿಂದಲೇ ಬೇರೆಯಾಗಿ ಅನೌನ್ಸ್ ಮಾಡಿದೆವು.

ಇದರ ಲೆಕ್ಕ ಸುಲಭ. ಒಂದು ವಿಳಾಸಕ್ಕೆ ಎರಡು ಪ್ರಿಫಿಕ್ಸ್ ಹೊಂದಿದರೆ ರೂಟರ್ ಹೆಚ್ಚು ನಿಖರವಾದದ್ದನ್ನೇ, ಅಂದರೆ ಚಿಕ್ಕ ಗುಂಪನ್ನೇ ಆರಿಸುತ್ತದೆ. ಮೆಜೆಸ್ಟಿಕ್‌ನಲ್ಲಿ ಒಂದು ಬಸ್ಸಿಗೆ "ಮೈಸೂರು ರಸ್ತೆ" ಅಂತ ಬೋರ್ಡ್ ಇದೆ, ಇನ್ನೊಂದಕ್ಕೆ "ಕೆಂಗೇರಿ" ಅಂತ ಇದೆ. ಕೆಂಗೇರಿಗೆ ಹೋಗುವವರು ಎರಡನೆಯದನ್ನೇ ಹತ್ತುತ್ತಾರೆ, ಅಲ್ವಾ? ಹಾಗೆ /24 ಮುಂಬೈಗೆ, ಉಳಿದದ್ದೆಲ್ಲ /22ರ ಹೆಸರಲ್ಲಿ ಬೆಂಗಳೂರಿಗೆ. ರಾತ್ರಿ ಒಂದು ಗಂಟೆಗೆ ಚೇಂಜ್ ಮುಗಿಸಿದೆ. ಆಫೀಸಿನಿಂದ, ಮನೆಯಿಂದ, ಮೊಬೈಲ್ ಡೇಟಾದಿಂದ ಪರೀಕ್ಷೆ ಮಾಡಿದೆ. ಎಲ್ಲಾ ಕಡೆಯಿಂದಲೂ ಟ್ರಾಫಿಕ್ ನೇರ ಮುಂಬೈಗೆ ಹೋಗುತ್ತಿತ್ತು. ಟಿಕೆಟ್ ಮುಚ್ಚಿ ಮಲಗಿದೆ.

ನಾಲ್ಕನೇ ದಿನ ಜರ್ಮನಿಯ ಗ್ರಾಹಕರಿಂದ ದೂರು ಬಂತು. ಸಂಜೆಯಾದರೆ ಅಪ್‌ಲೋಡ್ ನಿಂತು ಹೋಗುತ್ತದೆ, ಡೌನ್‌ಲೋಡ್ ಪರವಾಗಿಲ್ಲ ಅಂತ.

ನಮ್ಮ ಪರ್ಫಾರ್ಮೆನ್ಸ್ ಟೂಲ್ ತೆರೆದು ನೋಡಿದೆ. ಪೂರ್ತಿ ಹಸಿರು. ಅದರ ಏಜೆಂಟ್‌ಗಳು ಬೆಂಗಳೂರು, ದೆಹಲಿ, ಹೈದರಾಬಾದ್‌ನಲ್ಲಿ ಕೂತು ಐದೈದು ನಿಮಿಷಕ್ಕೆ ಸರ್ವರ್ ಮುಟ್ಟಿ ಬರುತ್ತಿದ್ದವು. ಹೊರದೇಶದ ಏಜೆಂಟ್‌ಗಳೂ ಇದ್ದವು. ದುಡ್ಡು ಜಾಸ್ತಿ ಅಂತ ಹಿಂದಿನ ವರ್ಷ ತೆಗೆಸಿದ್ದು ಯಾರು ಅಂತ ಕೇಳಬೇಡಿ. ಮುಂಬೈ ಸರ್ವರ್‌ನಿಂದ ಜರ್ಮನಿಗೆ ಟ್ರೇಸ್‌ರೌಟ್ (ಪ್ಯಾಕೆಟ್ ಹೋಗುವ ದಾರಿ ತೋರಿಸುವ ಪರೀಕ್ಷೆ) ಹಾಕಿದೆ, ದಾರಿ ಕನ್ನಡಿ ಹಾಗೆ ಸ್ವಚ್ಛ. "ನಿಮ್ಮ ಕಡೆ ವೈಫೈ ನೋಡಿಕೊಳ್ಳಿ" ಅಂತ ನಯವಾಗಿ ಬರೆದು ಕಳಿಸಿದೆ. ಆ ಮೇಲ್ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ಏನ್ರೀ, ನೀವು ಹಸಿರು ಹಸಿರು ಅಂತೀರಿ, ಕಸ್ಟಮರ್ ನನ್ನ ಫೋನಿಗೇ ಮಾಡ್ತಿದಾರಲ್ರೀ" ಅಂತ ಮ್ಯಾನೇಜರ್ ಮೇಡಂ ಬಂದು ನಿಂತರು. ಪಕ್ಕದಲ್ಲಿ ಕೂತಿದ್ದ ಜೂನಿಯರ್ ಮೆಲ್ಲಗೆ ಕೇಳಿದಳು: "ಸರ್, ನಾವು ಹೋಗೋ ದಾರಿ ನೋಡಿದ್ವಿ. ಅವರು ಬರೋ ದಾರಿ ಯಾರು ನೋಡಿದ್ರು?"

ಇಂಟರ್ನೆಟ್‌ನಲ್ಲಿ ಹೋಗುವ ದಾರಿ ಮತ್ತು ಬರುವ ದಾರಿ ಒಂದೇ ಇರಬೇಕಿಲ್ಲ. ಇದು ನನಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ನೋಡಿರಲಿಲ್ಲ, ಅಷ್ಟೇ. ಗ್ರಾಹಕರಿಂದ ಎಂಟಿಆರ್ (ಟ್ರೇಸ್‌ರೌಟ್ ಥರದ್ದೇ ಇನ್ನೊಂದು ಪರೀಕ್ಷೆ) ವರದಿ ತರಿಸಿದೆವು. ಬೇರೆಯವರ ನೆಟ್‌ವರ್ಕ್ ಒಳಗಿನಿಂದ ದಾರಿ ನೋಡಲು ಬಿಡುವ ಸೇವೆಗೆ ಲುಕಿಂಗ್ ಗ್ಲಾಸ್ ಅಂತಾರೆ, ಫ್ರಾಂಕ್‌ಫರ್ಟ್‌ನ ಅಂಥ ಒಂದರಿಂದಲೂ ಟ್ರೇಸ್ ಹಾಕಿದೆವು. ಕೊನೆಯ ಹಾಪ್‌ಗಳಲ್ಲಿ, ಅಂದರೆ ದಾರಿಯ ಕೊನೆಯ ನಿಲ್ದಾಣಗಳಲ್ಲಿ, ನಮ್ಮದೇ ಬೆಂಗಳೂರಿನ ರೂಟರ್ ಕೂತಿತ್ತು! ಪ್ಯಾಕೆಟ್ ಬೆಂಗಳೂರಿಗೆ ಬಂದು, ನಮ್ಮ ಎರಡು ಡೇಟಾ ಸೆಂಟರ್‌ಗಳ ನಡುವಿನ ಲಿಂಕ್ ಹಿಡಿದು, ಮತ್ತೆ ಮುಂಬೈಗೆ ಹೋಗುತ್ತಿತ್ತು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಅಂತಾರಲ್ಲ, ಇದು ಮೈಲಾರ ಸುತ್ತಿ ಕೊಂಕಣಕ್ಕೆ.

ಆ ಲಿಂಕ್ ಇದ್ದದ್ದು ಬ್ಯಾಕಪ್‌ಗೆ. ನಮ್ಮಲ್ಲಿ ರಾತ್ರಿ ಹತ್ತಕ್ಕೆ ಬ್ಯಾಕಪ್ ಶುರು, ಆಗ ಅಲ್ಲಿ ಸಂಜೆ. ಲಿಂಕ್ ತುಂಬಿ ಪ್ಯಾಕೆಟ್ ಉದುರುತ್ತಿದ್ದವು. ಸರ್ವರ್‌ನ ಉತ್ತರಗಳು ಮಾತ್ರ ಮುಂಬೈನಿಂದ ನೇರ ಹೊರಗೆ ಹೋಗುತ್ತಿದ್ದವು. ಡೌನ್‌ಲೋಡ್ ಪರವಾಗಿಲ್ಲ ಅಂದಿದ್ದು ಅದಕ್ಕೇ. ಬೆಂಗಳೂರಿನ ಆ ದಾರಿಯಲ್ಲಿ ಒಂದು ಫೈರ್‌ವಾಲ್ ಇದ್ದಿದ್ದರೆ ಅರ್ಧ ಸಂಭಾಷಣೆ ನೋಡಿ ಎಲ್ಲವನ್ನೂ ಕತ್ತರಿಸುತ್ತಿತ್ತು, ಮೊದಲ ದಿನವೇ ನಾನು ಸಿಕ್ಕಿಬೀಳುತ್ತಿದ್ದೆ. ಪೂರ್ತಿ ಕೆಟ್ಟಿದ್ದನ್ನು ಹುಡುಕುವುದು ಸುಲಭ. ಅರೆಬರೆ ಕೆಲಸ ಮಾಡುವುದು ಜೀವ ತಿನ್ನುತ್ತದೆ.

ಸರಿ, ಯುರೋಪಿನವರಿಗೆ ಮುಂಬೈನ /24 ಏಕೆ ಕಾಣಲಿಲ್ಲ? ಯುರೋಪಿನ ಕಡೆ ಐಪಿ ವಿಳಾಸ ಹಂಚುವ ರೈಪ್ ಸಂಸ್ಥೆಯ ರೈಪ್‌ಸ್ಟಾಟ್ ತಾಣದಲ್ಲಿ ಆ ಪ್ರಿಫಿಕ್ಸ್ ಹಾಕಿದ ತಕ್ಷಣ ಉತ್ತರ ಸಿಕ್ಕಿತು. ಜಗತ್ತಿನ ಬೇರೆ ಬೇರೆ ಕಡೆ ರೈಪ್‌ನ ಕಲೆಕ್ಟರ್‌ಗಳಿವೆ, ನೂರಾರು ನೆಟ್‌ವರ್ಕ್‌ಗಳು ತಮಗೆ ಕಾಣುವ ರೂಟ್‌ಗಳನ್ನು ಅವಕ್ಕೆ ಒಪ್ಪಿಸುತ್ತವೆ. ನಮ್ಮ /22 ಹೆಚ್ಚುಕಡಿಮೆ ಎಲ್ಲರಿಗೂ ಕಾಣುತ್ತಿತ್ತು. /24 ಕೆಲವರಿಗೆ ಮಾತ್ರ. ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ಆರ್‌ಪಿಕೆಐ ಇನ್‌ವ್ಯಾಲಿಡ್.

ಆರ್‌ಪಿಕೆಐ ಅಂದರೆ ಪ್ರಿಫಿಕ್ಸ್‌ಗೆ ಒಂದು ಥರ ಖಾತೆ ಪತ್ರ. ಈ ವಿಳಾಸಗಳನ್ನು ಈ ಎಎಸ್ ಮಾತ್ರ ಅನೌನ್ಸ್ ಮಾಡಬಹುದು ಅಂತ ಮಾಲೀಕರು ಸಹಿ ಹಾಕಿದ ದಾಖಲೆಗೆ ಆರ್‌ಓಎ ಅಂತಾರೆ. ಅದರಲ್ಲಿ ಮ್ಯಾಕ್ಸ್‌ಲೆಂತ್ ಅನ್ನುವ ಒಂದು ಅಂಕಿ ಇರುತ್ತದೆ, ಎಷ್ಟು ಸಣ್ಣ ತುಂಡಿನವರೆಗೆ ಒಪ್ಪಬಹುದು ಅಂತ. ಎರಡು ವರ್ಷದ ಹಿಂದೆ ನಮ್ಮ /22ಕ್ಕೆ ಆರ್‌ಓಎ ಮಾಡಿದ್ದು ನಾನು. ಮ್ಯಾಕ್ಸ್‌ಲೆಂತ್ 22. ಅಂದರೆ ನಮ್ಮದೇ /24 ಅನ್ನು ನಾವೇ ಅನೌನ್ಸ್ ಮಾಡಿದರೂ ಅದು ಕಳ್ಳಮಾಲು. ಮುಂಬೈನಲ್ಲಿ ನಮಗೆ ಇಂಟರ್ನೆಟ್ ಕೊಡುವ ಅಪ್‌ಸ್ಟ್ರೀಮ್ ಕಂಪನಿ ಇದನ್ನು ಪರೀಕ್ಷೆ ಮಾಡದೆ ತೆಗೆದುಕೊಂಡಿತು. ದೇಶದೊಳಗಿನ ನಮ್ಮ ಏಜೆಂಟ್‌ಗಳಿದ್ದ ನೆಟ್‌ವರ್ಕ್‌ಗಳೂ ತೆಗೆದುಕೊಂಡವು. ಪರೀಕ್ಷೆ ಮಾಡುವ ದೊಡ್ಡ ಟ್ರಾನ್ಸಿಟ್ ನೆಟ್‌ವರ್ಕ್‌ಗಳು (ಬೇರೆಯವರ ಟ್ರಾಫಿಕ್ ಸಾಗಿಸುವವು) /24 ಎಸೆದು, ಉಳಿದ /22 ನೋಡಿ ಬೆಂಗಳೂರಿಗೆ ಕಳಿಸಿದವು. ತಪ್ಪು ಅವರದಲ್ಲ, ಅವರು ಸರಿಯಾಗೇ ಮಾಡಿದರು.

ನನಗೆ ಇದಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆ. ನಮ್ಮ ಟೂಲ್‌ನಲ್ಲಿ ಬಿಜಿಪಿ ಮಾನಿಟರಿಂಗ್ ಇತ್ತು! ಪ್ರಿಫಿಕ್ಸ್ ಎಷ್ಟು ಕಡೆಯಿಂದ ಕಾಣುತ್ತಿದೆ, ದಾರಿ ಎಷ್ಟು ಸಲ ಬದಲಾಯಿತು, ಎಲ್ಲಾ ತೋರಿಸುತ್ತದೆ. ಆದರೆ ಅದಕ್ಕೆ ನೋಡು ಅಂತ ಕೊಟ್ಟಿದ್ದು /22 ಒಂದನ್ನೇ. ಒಳಗಿನ ಸಣ್ಣ ಪ್ರಿಫಿಕ್ಸ್‌ಗಳನ್ನೂ ನೋಡು ಅನ್ನುವ ಒಂದು ಟಿಕ್ ಮಾರ್ಕ್ ಇತ್ತು, ಹಾಕಿರಲಿಲ್ಲ.

2008ರ ಫೆಬ್ರವರಿ 24ರಂದು ಯೂಟ್ಯೂಬ್ ಸುಮಾರು ಎರಡು ಗಂಟೆ ಹೋಗಿತ್ತಲ್ಲ, ಅದೂ ಇಂಥದ್ದೇ ಜೋಡಿ. ಯೂಟ್ಯೂಬ್ ಒಂದು /22 ಅನೌನ್ಸ್ ಮಾಡುತ್ತಿತ್ತು. ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಅದರೊಳಗಿನ ಒಂದು /24 ಹಾಕಿತು, ಅದು ಸೋರಿ ಹೊರಜಗತ್ತಿಗೆಲ್ಲ ಹರಡಿತು. ಆವತ್ತು ಯೂಟ್ಯೂಬ್‌ನ ಜಾಗದಲ್ಲಿ ನಮ್ಮ ಮಾನಿಟರ್ ಇದ್ದಿದ್ದರೆ? /22 ಅದರ ಪಾಡಿಗೆ ಇತ್ತು. ನಮ್ಮ ಡ್ಯಾಶ್‌ಬೋರ್ಡ್ ಹಸಿರಾಗೇ ಇರುತ್ತಿತ್ತು. ಹೈಜಾಕ್ ಆದರೆ, ಅಂದರೆ ನಮ್ಮ ವಿಳಾಸಗಳನ್ನು ಬೇರೆಯವರು ಅನೌನ್ಸ್ ಮಾಡಿದರೆ, ಗೊತ್ತಾಗಲಿ ಅಂತ ಇಟ್ಟ ಗಂಟೆ, ಆ ಅತಿ ಪ್ರಸಿದ್ಧ ಘಟನೆಗೂ ಬಾರಿಸುತ್ತಿರಲಿಲ್ಲ.

ಸರಿಪಡಿಸಿದ್ದು ಹತ್ತು ನಿಮಿಷದ ಕೆಲಸ. ಮ್ಯಾಕ್ಸ್‌ಲೆಂತ್ 24ಕ್ಕೆ ಏರಿಸಿಬಿಡೋಣ ಅಂತ ಕೈ ಹೋಯಿತು, ಜೂನಿಯರ್ ತಡೆದಳು. ಹಾಗೆ ಮಾಡಿದರೆ ನಾವು ಬಳಸದ ಉಳಿದ /24ಗಳಿಗೂ ಬಾಗಿಲು ತೆರೆದಂತೆ. ಯಾರಾದರೂ ನಮ್ಮ ಎಎಸ್ ನಂಬರನ್ನೇ ಮೂಲ ಅಂತ ಹಾಕಿ ಅನೌನ್ಸ್ ಮಾಡಿದರೆ ಅದು ವ್ಯಾಲಿಡ್ ಅಂತ ಪಾಸಾಗುತ್ತದೆ. ಇಂಟರ್ನೆಟ್ ಹೇಗೆ ನಡೆಯಬೇಕು ಅಂತ ತಜ್ಞರು ಬರೆಯುವ ದಾಖಲೆಗಳಲ್ಲಿ ಒಂದಾದ 2022ರ ಆರ್‌ಎಫ್‌ಸಿ 9319 ಕೂಡ ಇದನ್ನೇ ಹೇಳುತ್ತದೆ. ಹಾಗಾಗಿ ಮುಂಬೈನ ಆ ಒಂದು /24ಕ್ಕೆ ಮಾತ್ರ ಪ್ರತ್ಯೇಕ ಆರ್‌ಓಎ ಮಾಡಿದೆವು. ಒಂದೆರಡು ಗಂಟೆಯಲ್ಲಿ ರೈಪ್‌ಸ್ಟಾಟ್‌ನಲ್ಲಿ /24 ಕಾಣುವವರ ಸಂಖ್ಯೆ /22ರ ಮಟ್ಟಕ್ಕೆ ಬಂತು. ಜರ್ಮನಿಯ ಟ್ರೇಸ್‌ನಿಂದ ಬೆಂಗಳೂರು ಮಾಯ.

ಫ್ರಾಂಕ್‌ಫರ್ಟ್, ಸಿಂಗಾಪುರ, ದುಬೈ ಏಜೆಂಟ್‌ಗಳನ್ನು ಮತ್ತೆ ಖರೀದಿಸಿದೆವು. ಮೇಡಂ ಬಿಲ್ ನೋಡಿ ನನ್ನನ್ನೂ ಒಂದು ಸಲ ನೋಡಿದರು. ಈಗ ಟೂಲ್ ಬರೀ ಎಷ್ಟು ಮಿಲಿಸೆಕೆಂಡ್ ಅಂತ ನೋಡುವುದಿಲ್ಲ, ಮುಂಬೈ ವಿಳಾಸಕ್ಕೆ ಹೋಗುವ ದಾರಿಯಲ್ಲಿ ಬೆಂಗಳೂರಿನ ರೂಟರ್ ಕಂಡರೆ ಕೂಗುತ್ತದೆ. ಬಿಜಿಪಿ ಕಡೆಗೆ ಬಿಜಿಪಿಅಲರ್ಟರ್ ಹಾಕಿದ್ದೇವೆ, ಪುಕ್ಕಟೆ ಸಾಫ್ಟ್‌ವೇರ್. ಹೊಸ ಸಣ್ಣ ಪ್ರಿಫಿಕ್ಸ್ ಕಂಡರೂ, ಆರ್‌ಪಿಕೆಐ ಇನ್‌ವ್ಯಾಲಿಡ್ ಆದರೂ ಮೆಸೇಜ್ ಬರುತ್ತದೆ. ಮೊದಲ ವಾರ ಎಲ್ಲೋ ಒಬ್ಬರ ರೂಟರ್ ಸೀನಿದರೂ ನಮಗೆ ಎಚ್ಚರವಾಗುತ್ತಿತ್ತು. ಈಗ ಕನಿಷ್ಠ ಹತ್ತು ಕಡೆಯಿಂದ ಮರೆಯಾದರೆ ಮಾತ್ರ ರಾತ್ರಿ ಫೋನ್ ಬಡಿದುಕೊಳ್ಳುತ್ತದೆ.

ಐಪಿವಿ6 (ಹೊಸ ಮಾದರಿಯ, ಉದ್ದದ ಐಪಿ ವಿಳಾಸ) ಇನ್ನೂ ಬಾಕಿ. ಅಲ್ಲೂ ಇಡೀ /32ಕ್ಕೆ ಮಾತ್ರ ಆರ್‌ಓಎ ಇದೆ, ಮುಂಬೈಗೆ ಒಂದು /48 ಕೊಡಬೇಕು. ಆ ಚೇಂಜ್ ಟಿಕೆಟ್ ಬರೆಯಲು ಜೂನಿಯರ್‌ಗೇ ಹೇಳಿದೆ. ಮೊದಲ ಸಾಲು ಹೀಗಿದೆ: "ಆರ್‌ಓಎ ಮಾಡಿ, ಒಂದು ದಿನ ಬಿಟ್ಟು, ಹೊರಗಿನಿಂದ ನೋಡಿ, ಆಮೇಲೆ ಅನೌನ್ಸ್. ಸರ್ ಕೈಗೆ ಕೊಡಬೇಡಿ."