ಕಾಕಾ ದಾಟಿದ ಹೊಳೆ

"ಅಜ್ಜಾರ, ಈಗ್ಯಾಕ ಬೇಕ್ರಿ ಇದು? ರೊಕ್ಕಾ ಏನೂ ಬರೂದಿಲ್ಲ ಇದಕ್ಕ."

ಮಂಗಳವಾರ ಮಧ್ಯಾಹ್ನ ಆ ಕಚೇರಿಯ ಹುಡುಗ ಹೀಗೆ ಕೇಳಿದಾಗ ನಾನು ಕಾಕಾನ ಪಕ್ಕದಲ್ಲೇ ಕೂತಿದ್ದೆ. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಫೌಜಿನ ಡಿಸ್ಚಾರ್ಜ್ ಬುಕ್. 1971ರ ಯುದ್ಧದ ಪೂರ್ವಿ ಸ್ಟಾರ್ ಎಂಬ ಪದಕ ಕಾಕಾನಿಗೆ ಸಿಕ್ಕಿಲ್ಲ, ಅದನ್ನು ಕೇಳಲು ಹೋಗಿದ್ದೆವು. ಹುಡುಗ ಅಹಂಕಾರದಿಂದ ಕೇಳಲಿಲ್ಲ. ನಮಗೆ ಕುರ್ಚಿ ಹಾಕಿಸಿದ್ದ, ನೀರು ತರಿಸಿದ್ದ. ಆಮೇಲೆ ಕಂಪ್ಯೂಟರ್ ನೋಡಿ, "ರೆಕಾರ್ಡ್ ಪ್ರಕಾರ ನೀವು ಬಾರ್ಡರ್ ದಾಟೇ ಇಲ್ರಿ. ಆ ಟೈಮಿಗೆ ನೀವು ಈಚೆ ಕಡೇನ ಇದ್ರಿ" ಅಂದ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದೇ ಮಾತು ಕೇಳಿದರು.

"ನಾ ಅಲ್ಲಿ ಇರ್ಲಿಲ್ಲ ಅಂದ್ರ, ಆ ಹುಡುಗ ಯಾರ ತೊಡಿ ಮ್ಯಾಲ ಜೀವಾ ಬಿಟ್ಟಾ ಸಾಹೇಬ್ರ?"

ದನಿ ಏರಿಸಲಿಲ್ಲ. ನಿಜಕ್ಕೂ ಉತ್ತರ ಬೇಕು ಅನ್ನುವ ಹಾಗೆ ಕೇಳಿದರು. ಹುಡುಗನ ಕೈ ಕೀಬೋರ್ಡ್ ಮೇಲೆ ಹಾಗೇ ನಿಂತಿತು.

ಕಾಕಾ ನಮ್ಮಪ್ಪನ ಜೊತೆಯವರು. ಹುಟ್ಟಿ ಬೆಳೆದದ್ದು ಬೆಳಗಾವಿ ಜಿಲ್ಲೆಯಲ್ಲಿ. ಹತ್ತೊಂಬತ್ತನೇ ವರ್ಷಕ್ಕೆ ಫೌಜಿಗೆ ಸೇರಿದರು. ಅಲ್ಲಿ ಡ್ರೈವಿಂಗ್ ಕಲಿತು ಶಕ್ತಿಮಾನ್ ಟ್ರಕ್ ಓಡಿಸಿದರು. 1971ರ ಡಿಸೆಂಬರ್‌ನಲ್ಲಿ ಅವರ ಟ್ರಕ್ಕು ಈಗಿನ ಮೇಘಾಲಯದ ಗಾರೋ ಬೆಟ್ಟದ ಕಡೆಯಿಂದ ಗುಂಡಿನ ಪೆಟ್ಟಿಗೆ ಹೊತ್ತು ಇಳಿಯಿತು. ಆಗಿನ ಪೂರ್ವ ಪಾಕಿಸ್ತಾನದ ಡಾಕಾಕ್ಕೆ ಉತ್ತರದಿಂದ ಇಳಿದ ದಾರಿ ಅದು. ಕಮಾಲ್‌ಪುರ, ಬಕ್ಷಿಗಂಜ್, ಜಮಾಲ್‌ಪುರ. 1971 ಅಂದರೆ ನಮಗೆ ನೆನಪಾಗುವುದು ಲೋಂಗೆವಾಲಾ, ಇಲ್ಲ ಡಾಕಾದಲ್ಲಿ ಪಾಕಿಸ್ತಾನದ ಜನರಲ್ ನಿಯಾಜಿ ಶರಣಾಗತಿಗೆ ಸಹಿ ಹಾಕುವ ಫೋಟೊ. ಈ ದಾರಿಯ ಬಗ್ಗೆ ಹೇಳುವವರು ಕಡಿಮೆ. ಅಲ್ಲಿ ಸೇತುವೆ ಸಾಮಾನು ಸಾಲದು, ಗಾಡಿ ಸಾಲದು. ಶುರುವಿನಲ್ಲೇ ಆ ಕಡೆಯ ಜನರಲ್ ಗಿಲ್ ಅವರ ಜೀಪು ಮೈನ್ ಮೇಲೆ ಹೋಗಿ ಅವರಿಗೆ ಗಾಯವಾಯಿತು. ಅವರ ಜಾಗಕ್ಕೆ ನಾಗ್ರಾ ಬಂದರು. ಕಾಕಾ ಆ ಜೀಪನ್ನು ನೋಡಿದ್ದಾರೆ. "ಮುಂದಿನ ಗಾಲಿ ಇರ್ಲೇ ಇಲ್ಲ" ಅನ್ನುತ್ತಾರೆ.

ಜಮಾಲ್‌ಪುರ ಇರುವುದು ಬ್ರಹ್ಮಪುತ್ರೆಯ ಆಚೆ ದಡದಲ್ಲಿ. ಕಾಕಾ ಅದನ್ನು ನದಿ ಅನ್ನುವುದಿಲ್ಲ, ಹೊಳಿ ಅನ್ನುತ್ತಾರೆ, ನಮ್ಮ ಘಟಪ್ರಭೆಗೆ ಅಂದ ಹಾಗೆ. ಅಲ್ಲಿ ಕೋಟೆ ಕಟ್ಟಿಕೊಂಡು ಕೂತಿದ್ದ ಪಾಕಿಸ್ತಾನದ ಬಲೂಚ್ ಪಡೆಯನ್ನು ಹಿಂದಿನಿಂದ ಮುತ್ತಬೇಕಿತ್ತು. ಒಂದನೇ ಮರಾಠಾ ಲೈಟ್ ಇನ್‌ಫೆಂಟ್ರಿ ಹೊಳೆ ದಾಟಿ ದಕ್ಷಿಣಕ್ಕೆ ಹೋಗಿ ರಸ್ತೆಗೆ ಅಡ್ಡ ಕೂತಿತು. ನಮ್ಮ ಬ್ರಿಗೇಡಿಯರ್ ಕ್ಲೇರ್ ಎದುರಾಳಿ ಕಮಾಂಡರಿಗೆ ಶರಣಾಗು ಎಂದು ಕಾಗದ ಕಳಿಸಿದರು. ಬಾಂಗ್ಲಾದ ಬಿಡುಗಡೆಗೆ ಹೋರಾಡುತ್ತಿದ್ದ ಮುಕ್ತಿವಾಹಿನಿಯವನೊಬ್ಬ ಅದನ್ನು ಹಿಡಿದು ಹೋದ. ಉತ್ತರದ ಕಾಗದದಲ್ಲಿ ಒಂದು ಗುಂಡು ಸುತ್ತಿಟ್ಟಿದ್ದರು. ಡಿಸೆಂಬರ್ 10ರ ರಾತ್ರಿ ಬಲೂಚ್ ಪಡೆಯವರು ಅಲ್ಲಿ ಮರಾಠಾಗಳ ಮೇಲೆ ಅಲೆ ಅಲೆಯಾಗಿ ಬಂದರು, ಮುತ್ತಿಗೆ ಒಡೆದು ಹೋಗಲು. ಆಗಲಿಲ್ಲ. ಡಿಸೆಂಬರ್ 11ಕ್ಕೆ ಜಮಾಲ್‌ಪುರ ಬಿತ್ತು.

ಟ್ರಕ್ಕು ಹೊಳೆ ದಾಟುವ ಹಾಗಿರಲಿಲ್ಲ. ಅಲ್ಲೇ ಕಾಕಾನ ಕಥೆ ದಾಖಲೆಯಿಂದ ತಪ್ಪಿ ಹೋಗುತ್ತದೆ. ಒಬ್ಬ ಸುಬೇದಾರ್ ಬಂದು ಡ್ರೈವರ್‌ಗಳನ್ನು ನಿಲ್ಲಿಸಿ, "ಗಾಡಿ ಬಿಡ್ರಿ, ಪೆಟ್ಟಿಗಿ ಹೊರ್ರಿ" ಅಂದನಂತೆ. ಆರು ಜನ ಹೋದರು. ಊರಿನವರ ದೋಣಿ, ಆಚೆ ದಡದಲ್ಲಿ ಊರಿನವರದೇ ಎತ್ತಿನ ಗಾಡಿ. ಎರಡು ರಾತ್ರಿ ಹೊತ್ತರು. ಯಾರೂ ಎಲ್ಲಿಯೂ ಬರೆದುಕೊಳ್ಳಲಿಲ್ಲ. ಅಂಥ ಹೊತ್ತಲ್ಲಿ ಯಾರು ಬರೀತಾರೆ, ಅಲ್ವಾ? ಕಾಗದದ ಪ್ರಕಾರ ಟ್ರಕ್ಕು ಗಡಿಯ ಈಚೆಯೇ ಇತ್ತು. ಟ್ರಕ್ಕಿನ ಜೊತೆ ಡ್ರೈವರೂ ಅಲ್ಲೇ ಇದ್ದ.

ಹಾಗಾಗಿ ಡಿಸ್ಚಾರ್ಜ್ ಬುಕ್ಕಿನಲ್ಲಿ ಸಂಗ್ರಾಮ್ ಮೆಡಲ್ ಇದೆ. ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್ ಇದೆ. ಒಂಬತ್ತು ವರ್ಷದ ಸೇವೆಯದೂ ಇದೆ. ಪೂರ್ವಿ ಸ್ಟಾರ್ ಇಲ್ಲ. ಸಂಗ್ರಾಮ್ ಅಂದರೆ ಆ ಹೊತ್ತಿನಲ್ಲಿ ಗಡಿ ರಾಜ್ಯಗಳಲ್ಲಿ ಸೇವೆ ಮಾಡುತ್ತಿದ್ದವರಿಗೆಲ್ಲ ಕೊಟ್ಟದ್ದು. ಪೂರ್ವಿ ಸ್ಟಾರ್ ಪೂರ್ವದ ರಣರಂಗದಲ್ಲಿ ಇದ್ದವರಿಗೆ. ಐದು ಮೂಲೆಯ ಕಂಚಿನ ಬಣ್ಣದ ನಕ್ಷತ್ರ. ಶೌರ್ಯ ಪದಕಗಳ ಹಾಗೆ ಇದಕ್ಕೆ ಭತ್ಯೆ ಗಿತ್ಯೆ ಏನೂ ಇಲ್ಲ. ಕಚೇರಿಯ ಹುಡುಗ ಹೇಳಿದ್ದು ಸುಳ್ಳಲ್ಲ. ಕಾಕಾನಿಗೆ ಪೆನ್ಶನ್ ಬರುತ್ತದೆ, ಒಂದೇ ಶ್ರೇಣಿ ಒಂದೇ ಪಿಂಚಣಿ ಆದಮೇಲೆ ಸ್ವಲ್ಪ ಜಾಸ್ತಿಯೇ ಬರುತ್ತದೆ. ರೊಕ್ಕದ ಮಾತೇ ಅಲ್ಲ ಇದು.

ಕಾಕಾನ ತೊಡೆಯ ಮೇಲೆ ಜೀವ ಬಿಟ್ಟ ಆ ಹುಡುಗನ ವಿಷಯ ನನಗೆ ಗೊತ್ತಾದದ್ದು ಮೊನ್ನೆ ಬಸ್ಸಿನಲ್ಲಿ ವಾಪಸ್ ಬರುವಾಗ. ಇಷ್ಟು ವರ್ಷ ಕಾಕಾ ಹೇಳಿದ್ದೆಲ್ಲ ಟ್ರಕ್ಕು, ಜೀಪು, ಗುಂಡು ಸುತ್ತಿದ ಕಾಗದ. ಮನೆಯಲ್ಲಿ ಮಕ್ಕಳು ಕೇಳಿದರೆ ಅದನ್ನೇ ಹೇಳುತ್ತಿದ್ದರು. ಕಾಕಾನ ಹೆಂಡತಿ, ನಮ್ಮ ಕಾಕುಗೂ ಇದು ಗೊತ್ತಿರಲಿಲ್ಲ. ಮಂಗಳವಾರ ಕಿಟಕಿ ಪಕ್ಕ ಕೂತು, ನನ್ನ ಕಡೆ ನೋಡದೆ ಹೇಳಿದರು.

ಎರಡನೇ ರಾತ್ರಿ ಕಳೆದು ಬೆಳಕು ಹರಿಯುವ ಹೊತ್ತು. ಗಾಯವಾದವರನ್ನು ದೋಣಿಯಲ್ಲಿ ಈಚೆ ದಡಕ್ಕೆ ತರುತ್ತಿದ್ದರು. ಗಾಯವಾದವರು ಮರಾಠಾ ಪಲ್ಟನ್ನಿನವರು. ಯಾರೋ ಕಾಕಾನನ್ನು ಕೂಗಿ, ನಿನಗ ಮರಾಠಿ ಬರ್ತೈತಿ, ಇವನ ಜೋಡಿ ಕೂಡು ಅಂದರು. ಬೆಳಗಾವಿ ಕಡೆಯವರಿಗೆ ಮರಾಠಿ ಬರುವುದು ದೊಡ್ಡ ಮಾತೇನಲ್ಲ. ಆ ಒಂದು ಕಾರಣಕ್ಕೆ ಕಾಕಾ ಆ ದೋಣಿ ಹತ್ತಿದರು. ಹುಡುಗನಿಗೆ ಹೊಟ್ಟೆಗೆ ಪೆಟ್ಟಾಗಿತ್ತು. ಕಂಬಳಿ ಸುತ್ತಿ ಕಾಕಾನ ತೊಡೆಯ ಮೇಲೆ ತಲೆ ಇಟ್ಟು ಮಲಗಿಸಿದ್ದರು. ಇನ್ನೂ ಮೀಸೆ ಬಲಿತಿರಲಿಲ್ಲವಂತೆ. ಮಂಜು ಎಷ್ಟಿತ್ತು ಅಂದರೆ ಹುಟ್ಟು ಹಾಕುವವನೇ ಕಾಣುತ್ತಿರಲಿಲ್ಲ. ಹುಡುಗ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದ: "ಕಿನಾರಾ ಆಲಾ ಕಾ?" ದಡ ಬಂತಾ?

ಕಾಕಾ ಹೇಳುತ್ತಿದ್ದರು, "ಆಲಾ, ಆಲಾ." ಬಂತು, ಬಂತು.

ಮೂರು ಸಲ ಕೇಳಿದ. ಮೂರು ಸಲವೂ ಅದನ್ನೇ ಹೇಳಿದರು. ನಾಲ್ಕನೇ ಸಲ ಕೇಳಲಿಲ್ಲ.

ಆ ಹುಡುಗನ ಹೆಸರು ಕಾಕಾನಿಗೆ ಗೊತ್ತಿಲ್ಲ. ದಡದಲ್ಲಿ ಸ್ಟ್ರೆಚರ್‌ನವರು ಬಂದು ತೆಗೆದುಕೊಂಡು ಹೋದರು. ಕಾಕಾ ಅಂಗಿ ತೊಳೆದುಕೊಂಡು ಟ್ರಕ್ಕಿಗೆ ಹೋದರು. ಹೆಸರು ಕೇಳಲಿಲ್ಲವಲ್ಲ ಅನ್ನುವುದು ತಲೆಗೆ ಬಂದದ್ದು ಯುದ್ಧ ಮುಗಿದ ಮೇಲೆ. ಆಗ ಪಲ್ಟನ್ನು ಎಲ್ಲೋ, ಇವರು ಎಲ್ಲೋ.

ಕಚೇರಿಯಲ್ಲಿ ಕಾಕಾ ಅಂದ ಮಾತು ನನಗೆ ಆಗ ಬೇರೆ ಥರ ಕೇಳಿಸಿತು. ಅಲ್ಲಿಯವರೆಗೆ ಕಾಕಾ ತನ್ನ ಹಕ್ಕು ಕೇಳುತ್ತಿದ್ದಾರೆ ಅಂದುಕೊಂಡಿದ್ದೆ. ಅದಕ್ಕೇ ಫಾರ್ಮ್ ತುಂಬಲು ಒಪ್ಪಿದ್ದು. ಆದರೆ ಯೋಚನೆ ಮಾಡಿ ನೋಡಿ. ಕಾಕಾ ಗಡಿಯ ಈಚೆಯೇ ಇದ್ದರು ಎಂದು ಕಾಗದ ಹೇಳಿದರೆ, ಆ ದೋಣಿಯಲ್ಲಿ ಆ ಹುಡುಗನ ಹತ್ತಿರ ಯಾರೂ ಇರಲಿಲ್ಲ ಎಂದ ಹಾಗೆ. ಅವನು ಮೂರು ಸಲ ಕೇಳಿದ್ದು ಯಾರನ್ನು? ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ 25,000ಕ್ಕೂ ಹೆಚ್ಚು ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಅವನ ಹೆಸರೂ ಅಲ್ಲಿರುತ್ತದೆ, ಇರಲೇಬೇಕು. ಆದರೆ ಅವನು ಹೇಗೆ ಹೋದ, ಕೊನೆಗೆ ಏನು ಕೇಳಿದ ಅನ್ನುವುದನ್ನು ಬಲ್ಲವರು ಈಗ ಇವರೊಬ್ಬರೇ. ದೋಣಿಯವನು ಆಗಲೇ ವಯಸ್ಸಾದವನು. ಜೊತೆ ಹೋದ ಐವರು ಡ್ರೈವರ್‌ಗಳೂ ತೀರಿಕೊಂಡಿದ್ದಾರೆ. ಕಡೆಯವರು ಹೋದದ್ದು ಕೋವಿಡ್‌ನಲ್ಲಿ. ಸಾಕ್ಷಿ ತನ್ನಿ ಅಂದರೆ ಕಾಕಾ ಎಲ್ಲಿಂದ ತರುತ್ತಾರೆ?

ಕಾಕಾನ ಮಗ ಒಳ್ಳೆಯವನೇ. ಆದರೆ "ಬಿಡ್ರಿ ಅಪ್ಪಾ, ವಯಸ್ಸಾತು" ಅಂತ ಹತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದಾನೆ. ನನಗೆ ಅವನ ಮೇಲೆ ಸಿಟ್ಟಿದೆ, ಹೇಳಿಬಿಡುತ್ತೇನೆ. ವಯಸ್ಸಾಯಿತು ಅನ್ನುವುದೇ ಕಾರಣವಾದರೆ ಬೇಗ ಮಾಡಬೇಕು, ಬಿಡಬೇಕು ಅಂತಲ್ಲ. ಊರಿನವರ ಮೇಲೂ ಸಿಟ್ಟಿದೆ. 2021ರಲ್ಲಿ ಯುದ್ಧಕ್ಕೆ ಐವತ್ತು ವರ್ಷ ಆಯಿತು. ದೇಶದ ತುಂಬ ವಿಜಯ ಜ್ಯೋತಿ ಸುತ್ತಿತು. ನಮ್ಮ ಕಡೆಯ ಸಮಾರಂಭದಲ್ಲಿ ಶಾಲು ಹೊದಿಸಲು ಪಟ್ಟಿ ಮಾಡಿದರು. ಕಾಕಾನನ್ನು ಕೇಳಿದರು, ಸ್ಟಾರ್ ಐತೇನ್ರಿ? ಇಲ್ಲ ಅಂದರು. ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಕಾಕಾ ಹಿಂದಿನ ಸಾಲಿನಲ್ಲಿ ಕೂತು ಎಲ್ಲರಿಗೂ ಚಪ್ಪಾಳೆ ಹೊಡೆದು ಬಂದರು. ಅವತ್ತು ಮನೆಗೆ ಬಂದು ಊಟ ಮಾಡದೆ ಮಲಗಿದರು ಎಂದು ಕಾಕು ಹೇಳಿದ್ದು ನನಗೆ ಇನ್ನೂ ನೆನಪಿದೆ.

ಕಾಕಾ ಮೊದಲ ಅರ್ಜಿ ಬರೆದದ್ದು 1990ರ ಸುಮಾರಿಗೆ, ಇನ್‌ಲ್ಯಾಂಡ್ ಪತ್ರದಲ್ಲಿ, ಹಿಂದಿಯಲ್ಲಿ. ಆಮೇಲೆ ಇನ್ನೂ ನಾಲ್ಕು. ಬಂದ ಉತ್ತರಗಳನ್ನೆಲ್ಲ ಇಟ್ಟುಕೊಂಡಿದ್ದಾರೆ. ಎಲ್ಲದರಲ್ಲೂ ಒಂದೇ ಮಾತು, ದಾಖಲೆಯಲ್ಲಿ ಇಲ್ಲ. ಪೂರ್ವದ ಯುದ್ಧದ ಎಷ್ಟೋ ಕಡತಗಳೇ ಈಗ ಉಳಿದಿಲ್ಲ ಎಂದು 2010ರಲ್ಲಿ ಪೇಪರಿನಲ್ಲಿ ಬಂದಿತ್ತು. ಕಡತವನ್ನೇ ಉಳಿಸಿಕೊಳ್ಳದೆ ಸಿಪಾಯಿಯ ಹತ್ತಿರ ಕಾಗದ ಕೇಳುವುದು ಸರಿಯಾ? ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗೋಣ ಎಂದು ನಾನೇ ಹೇಳಿದೆ, 2009ರಿಂದ ಅದು ಕೆಲಸ ಮಾಡುತ್ತಿದೆ. ಕಾಕಾ ಒಪ್ಪಲಿಲ್ಲ. "ನಮ್ಮ ಫೌಜಿನ ಮ್ಯಾಲ ನಾ ಕೇಸ್ ಹಾಕೂದಿಲ್ಲವ್ವಾ. ಕೇಳ್ತೀನಿ. ಕೇಳೂದು ಬ್ಯಾರೆ."

ಒಬ್ಬರು ರಿಟೈರ್ಡ್ ಮಾಸ್ತರರು ಸಮಾಧಾನ ಹೇಳಲು ಮಾಣೆಕ್‌ಷಾ ಅವರ ಉದಾಹರಣೆ ಕೊಟ್ಟರು. 1973ರ ಜನವರಿಯಲ್ಲಿ ಫೀಲ್ಡ್ ಮಾರ್ಷಲ್ ಆದವರಿಗೆ ಆ ಹುದ್ದೆಯ ಬಾಕಿ ಸಂಬಳ ಕೈ ಸೇರಿದ್ದು 2007ರಲ್ಲಿ, ಸುಮಾರು 1 ಕೋಟಿ 30 ಲಕ್ಷ ರೂಪಾಯಿ. ಮುಂದಿನ ವರ್ಷದ ಜೂನ್‌ನಲ್ಲಿ ಅವರು ತೀರಿಕೊಂಡರು. ಅಂಥವರೇ ಕಾದರು, ನೀವೂ ಕಾಯಿರಿ ಅನ್ನುವ ಅರ್ಥ. ನನಗೆ ಅದರಿಂದ ಸಮಾಧಾನ ಆಗಲಿಲ್ಲ. ಯುದ್ಧ ಗೆಲ್ಲಿಸಿದ ದಂಡನಾಯಕನನ್ನೇ ಅಷ್ಟು ಕಾಯಿಸಿದವರು, ಪೆಟ್ಟಿಗೆ ಹೊತ್ತ ಡ್ರೈವರ್‌ನನ್ನು ಹುಡುಕಿಕೊಂಡು ಬರುತ್ತಾರಾ?

ಆದರೂ ಕಚೇರಿಯ ಆ ಹುಡುಗನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಕಾಕಾ ಹಾಗೆ ಕೇಳಿದ ಮೇಲೆ ಅವನು ಎದ್ದು ಒಳಗೆ ಹೋದ. ಹೋದವನು ಹತ್ತು ನಿಮಿಷ ಬರಲಿಲ್ಲ. ನಾವು ತಪ್ಪಾಯಿತೇನೋ ಅಂದುಕೊಂಡೆವು. ಬಂದು, ಕುರ್ಚಿ ಎಳೆದು ಕಾಕಾನ ಎದುರಿಗೇ ಕೂತ. "ಅಜ್ಜಾರ, ಒಂದು ಅಫಿಡವಿಟ್ ಮಾಡಿಸ್ಕೊಂಡು ಬರ್ರಿ. ಏನೇನು ಆತು, ತಾರೀಖು, ಜಾಗಾ, ಎಲ್ಲಾ ಬರಸ್ರಿ. ನಾ ಮ್ಯಾಲ ಕಳಸ್ತೀನಿ. ಆಗ್ತೈತಿ ಅಂತ ಹೇಳೂದಿಲ್ಲ. ಆದ್ರ ಫೈಲಿನ್ಯಾಗ ಇರ್ತೈತಿ" ಅಂದ. ಮೂವತ್ತೈದು ವರ್ಷದಲ್ಲಿ ಎದುರಿಗೆ ಕೂತು ಮಾತಾಡಿದವನು ಇವನೊಬ್ಬನೇ ಎಂದು ಕಾಕಾ ಬಸ್ಸಿನಲ್ಲಿ ಎರಡು ಸಲ ಹೇಳಿದರು.

ನಿನ್ನೆ ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಕರಡು ಬರೆದೆವು. ಕಾಕಾ ಹೇಳಿದರು, ನಾನು ಬರೆದೆ. ಟ್ರಕ್ಕು ಬಿಟ್ಟ ಜಾಗ. ಸುಬೇದಾರ್ ಹೇಳಿದ್ದು. ಆರು ಜನ. ಎತ್ತಿನ ಗಾಡಿ. ಹೆಸರು ಗೊತ್ತಿಲ್ಲದ ಒಬ್ಬ ಜವಾನನನ್ನು ದೋಣಿಯಲ್ಲಿ ಉತ್ತರ ದಡಕ್ಕೆ ತಂದದ್ದು. ಬರೆದು ಮುಗಿಸಿ ಓದಿ ಹೇಳಿದೆ. "ದಡ ತಲುಪುವ ಹೊತ್ತಿಗೆ ಆತ ಪ್ರಾಣ ಬಿಟ್ಟಿದ್ದ" ಎಂದು ಬರೆದಿದ್ದೆ.

ಕಾಕಾ ಕೈ ಎತ್ತಿ ತಡೆದರು.

"ಹಂಗಲ್ಲ. ಅಂವ ಹೋದಾಗ ದಂಡಿ ಇನ್ನೂ ಕಂಡೇ ಇರ್ಲಿಲ್ಲ. ಹಂಗ ಬರಿ."

"ಅದೇನು ಅಷ್ಟು ಮುಖ್ಯ ಅಲ್ಲ ಕಾಕಾ, ಅವರಿಗೆ ಬೇಕಿರೋದು ನೀವು ಅಲ್ಲಿ ಇದ್ರಿ ಅನ್ನೋದು" ಅಂದೆ.

"ಬರಿಯವ್ವಾ. ಬಂತು ಬಂತು ಅಂತ ಅವಗ ನಾ ಮೂರು ಸಲ ಸುಳ್ಳ ಹೇಳೀನಿ. ಇದ್ರಾಗರ ಖರೆ ಇರ್ಲಿ."

ಬರೆದಿದ್ದನ್ನು ಹೊಡೆದು ಹಾಗೇ ಬರೆದೆ. ಇವತ್ತು ಇ-ಸ್ಟ್ಯಾಂಪ್ ಕಾಗದದ ಮೇಲೆ ಟೈಪ್ ಮಾಡಿಸಿ ನೋಟರಿ ಮಾಡಿಸಿದ್ದಾಯಿತು. ಕಾಕಾ ಪ್ರತಿ ಹಾಳೆಯ ಕೆಳಗೂ ನಿಧಾನಕ್ಕೆ ಸಹಿ ಹಾಕಿದರು, ಹಿಂದಿಯಲ್ಲಿ, ನಂಬರ್ ಸಮೇತ. ನಾಳೆ ಬೆಳಗ್ಗೆ ಏಳೂವರೆ ಬಸ್ಸಿಗೆ ನಾವಿಬ್ಬರೂ ಹೋಗುತ್ತೇವೆ.