ಹೊಸ ಗೇಮಿಂಗ್ ಮೌಸ್ ಹುಡುಕುವ ಮೊದಲು ಹಳೆಯ ಮೌಸನ್ನು ಬೆಳಕಿಗೆ ಹಿಡಿದು ನೋಡಿ

ಒರೆಸಬೇಡಿ, ಹಾಗೇ ನೋಡಿ. ಮ್ಯಾಟ್ ಪ್ಲಾಸ್ಟಿಕ್ ಎಲ್ಲಿ ಸವೆದು ಮಿಂಚುತ್ತಿದೆ? ಬೆವರು, ಜಿಡ್ಡು ಎಲ್ಲಿ ಕಪ್ಪಗೆ ಕೂತಿದೆ? ಬೆನ್ನಿನುದ್ದಕ್ಕೂ ಹೊಳಪು ಬಂದಿದ್ದರೆ ನೀವು ಅಂಗೈ ಪೂರ್ತಿ ಊರಿ ಹಿಡಿಯುವವರು, ಅಂದರೆ ಪಾಮ್ ಗ್ರಿಪ್. ಹಿಂಬದಿಯ ಅಂಚಿನಲ್ಲಿ ಒಂದು ಪಟ್ಟಿ, ಬಟನ್‌ಗಳ ಮೇಲೆ ಬೆರಳ ತುದಿಯಗಲದ ಎರಡು ಚುಕ್ಕೆ ಮಾತ್ರ ಇದ್ದರೆ ಬೆರಳುಗಳನ್ನು ಉಗುರಿನಂತೆ ಮಡಚಿ ಹಿಡಿಯುವ ಕ್ಲಾ ಗ್ರಿಪ್. ಬೆನ್ನು ಹೊಸದರಂತೆಯೇ ಉಳಿದು, ಪಕ್ಕಗಳು ಮತ್ತು ಬಟನ್‌ಗಳಷ್ಟೇ ಸವೆದಿದ್ದರೆ ಅಂಗೈ ತಾಗಿಸದೆ ಬೆರಳ ತುದಿಯಲ್ಲೇ ಹಿಡಿಯುವ ಫಿಂಗರ್‌ಟಿಪ್.

ನಿಮ್ಮದು ಯಾವ ಗ್ರಿಪ್ ಅಂತ ಕೇಳಿದರೆ ಮೌಸ್ ಮೇಲೆ ಕೈಯಿಟ್ಟು ನೋಡಿ ಹೇಳುವ ಉತ್ತರ ಎಷ್ಟೋ ಸಲ ತಪ್ಪಿರುತ್ತದೆ. ಸುಮ್ಮನೆ ಬ್ರೌಸ್ ಮಾಡುವಾಗ ಕೈ ಮಲಗಿರುತ್ತದೆ. ಆಟ ಬಿರುಸಾದಾಗ ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತವೆ. ಸವೆತದ ಜೊತೆಗೆ ಇನ್ನೊಂದು ಪರೀಕ್ಷೆ ಮಾಡಿ: ಫೋನನ್ನು ಮೇಜಿನ ಮೇಲೆ ಪಕ್ಕಕ್ಕೆ ಒರಗಿಸಿ, ಒಂದು ಇಡೀ ಮ್ಯಾಚ್ ಆಡುವಾಗ ಕೈಯ ವಿಡಿಯೋ ಮಾಡಿಕೊಳ್ಳಿ. ಕೊನೆಯ ಹತ್ತು ನಿಮಿಷದ ಹಿಡಿತ ಹೇಗಿದೆಯೋ ಅದನ್ನೇ ನಂಬಿ. ಒಂದು ಎಚ್ಚರಿಕೆ: ಮೌಸ್ ತೀರಾ ಚಿಕ್ಕದಿದ್ದರೆ ಪಾಮ್ ಗ್ರಿಪ್‌ನವರ ಕೈಯೂ ಬೇರೆ ದಾರಿಯಿಲ್ಲದೆ ಕ್ಲಾಗೆ ತಿರುಗಿರುತ್ತದೆ.

ಈಗ ಅಳತೆ. ಬೆರಳುಗಳನ್ನು ಜೋಡಿಸಿ ಕೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಡಿ. ಮಣಿಕಟ್ಟಿನ ಮೊದಲ ಗೆರೆಯಿಂದ ನಡುಬೆರಳ ತುದಿಯವರೆಗೆ ಉದ್ದ. ಹೆಬ್ಬೆರಳನ್ನು ಬಿಟ್ಟು ಗೆಣ್ಣುಗಳ ಅಡ್ಡಕ್ಕೆ ಅಗಲ. ಉದ್ದ 17 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಚಿಕ್ಕ ಕೈ, 20 ದಾಟಿದರೆ ದೊಡ್ಡದು, ನಡುವಿನದು ಮಧ್ಯಮ ಅಂತ ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಮೌಸಿನ ಉದ್ದ ಕೈಯುದ್ದದ ಶೇ. 60 ಇರಬೇಕು ಅನ್ನುವ ಸೂತ್ರವೂ ಓಡಾಡುತ್ತಿದೆ. ಅದನ್ನು ಕನಿಷ್ಠ ಮಿತಿ ಅಂತ ಮಾತ್ರ ತೆಗೆದುಕೊಳ್ಳಿ. 18.5 ಸೆಂ.ಮೀ. ಕೈಗೆ ಸೂತ್ರ ಹೇಳುವುದು 11.1 ಸೆಂ.ಮೀ. ಇದು ಫಿಂಗರ್‌ಟಿಪ್‌ಗೆ ಸರಿ, ಕ್ಲಾಗೆ 12ರ ಆಸುಪಾಸು ಬೇಕು, ಪಾಮ್‌ಗೆ 12.5ರವರೆಗೂ ಹೋಗಬಹುದು.

ಆದರೆ ಉದ್ದಕ್ಕಿಂತ ದೊಡ್ಡ ವಿಷಯ ಮೌಸಿನ ಬೆನ್ನಿನ ಉಬ್ಬು. ಲಾಜಿಟೆಕ್ ಜಿ ಪ್ರೋ ಎಕ್ಸ್ ಸೂಪರ್‌ಲೈಟ್ 125 ಮಿ.ಮೀ. ಉದ್ದ, 40 ಮಿ.ಮೀ. ಎತ್ತರ. ರೇಜರ್ ಡೆತ್‌ಆ್ಯಡರ್ ವಿ3 ಪ್ರೋ 128 ಉದ್ದ, 44 ಎತ್ತರ. ತೂಕ ಎರಡರದ್ದೂ 63 ಗ್ರಾಂ ಆಸುಪಾಸು. ಕಾಗದದಲ್ಲಿ ಅಣ್ಣತಮ್ಮಂದಿರಂತೆ ಕಾಣುತ್ತವೆ. ಕೈಯಿಟ್ಟರೆ ಸಂಬಂಧವೇ ಇಲ್ಲ. ಮೊದಲನೆಯದು ಎರಡೂ ಪಕ್ಕ ಒಂದೇ ಥರ ಇರುವ ಸಮ ಆಕಾರದ್ದು. ಎರಡನೆಯದು ಬಲಗೈಗೆ ಓರೆಯಾಗಿ ಕೊರೆದದ್ದು, ಆ 4 ಮಿ.ಮೀ. ಹೆಚ್ಚುವರಿ ಎತ್ತರ ಅಂಗೈನ ಗುಳಿಯನ್ನು ಪೂರ್ತಿ ತುಂಬುತ್ತದೆ. ಪಾಮ್ ಗ್ರಿಪ್‌ನವರಿಗೆ ಇದೇ ಸುಖ. ಕ್ಲಾ ಗ್ರಿಪ್‌ನವರಿಗೆ ಉಬ್ಬು ಹಿಂದಕ್ಕೆ ಸರಿದಿರಬೇಕು, ಅಂಗೈನ ಬುಡ ಅದಕ್ಕೆ ಆತು ನಿಲ್ಲುವುದರಿಂದಲೇ ಹಿಡಿತ ಗಟ್ಟಿಯಾಗುವುದು. ಫಿಂಗರ್‌ಟಿಪ್‌ನವರಿಗೆ ಉಬ್ಬು ತಗ್ಗಿದ್ದಷ್ಟೂ ಒಳ್ಳೆಯದು: ಮೌಸನ್ನು ಬೆರಳುಗಳಿಂದಲೇ ಹಿಂದಕ್ಕೆ ಎಳೆಯುವಾಗ ಅದರ ಹಿಂಬದಿ ಅಂಗೈಗೆ ಬಡಿದರೆ ಕೆಳಮುಖ ಏಮ್, ಅಂದರೆ ಗುರಿಯನ್ನು ಕೆಳಕ್ಕೆ ತರುವ ಚಲನೆ, ಅಲ್ಲೇ ಅರ್ಧಕ್ಕೆ ನಿಂತುಬಿಡುತ್ತದೆ.

ಅಗಲದ ವಿಷಯದಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಡಬ್ಬಿಯ ಮೇಲೆ ಹೆಚ್ಚಾಗಿ ಇರುವುದು ಗರಿಷ್ಠ ಅಗಲ. ನಿಮ್ಮ ಹೆಬ್ಬೆರಳು, ಉಂಗುರ ಬೆರಳು ಹಿಡಿಯುವುದು ಮೌಸಿನ ನಡುವಿನ ಸಪೂರ ಸೊಂಟದ ಭಾಗವನ್ನು, ಅದು ಹಲವು ಮಿ.ಮೀ. ಕಡಿಮೆಯಿರುತ್ತದೆ. ವಿಮರ್ಶೆಗಳಲ್ಲಿ ಗ್ರಿಪ್ ಅಗಲ ಅಂತ ಬೇರೆಯಾಗಿ ಕೊಟ್ಟಿದ್ದರೆ ಅದನ್ನೇ ನೋಡಿ. ಜೊತೆಗೆ, ನಿಮ್ಮ ಬೆರಳುಗಳು ಹೇಗೆ ಕೂರುತ್ತವೆ ಅನ್ನುವುದನ್ನೂ ಗಮನಿಸಿ. ಎಡಕ್ಕೆ ಹೆಬ್ಬೆರಳು, ಮೇಲೆ ಎರಡು, ಬಲಕ್ಕೆ ಎರಡು ಇಡುವವರಿಗೆ ಸಪೂರ ಮೌಸ್ ಸಾಕು. ಮೇಲೆ ಮೂರು ಬೆರಳಿಟ್ಟು ಬಲಕ್ಕೆ ಕಿರುಬೆರಳೊಂದನ್ನೇ ಬಿಡುವವರಿಗೆ ಅಗಲವಾದದ್ದೇ ಬೇಕು, ಇಲ್ಲದಿದ್ದರೆ ಮೇಲಿನ ಬೆರಳುಗಳು ಒಂದರ ಮೇಲೊಂದು ಒತ್ತಿಕೊಳ್ಳುತ್ತವೆ. ಇಂಥವರು ಬಟನ್ ಮೇಲೆ ಆಳವಾದ ಬೆರಳಚ್ಚಿನ ಗುಳಿ ಇರುವ ಮೌಸ್‌ಗಳ ಹತ್ತಿರ ಹೋಗುವುದೇ ಬೇಡ. ಆ ಗುಳಿಗಳನ್ನು ಎರಡು ಬೆರಳಿನ ಲೆಕ್ಕದಲ್ಲೇ ಕೊರೆದಿರುತ್ತಾರೆ.

ಪಕ್ಕದ ಗೋಡೆಯ ಓರೆಯನ್ನೂ ನೋಡಿ. ಕೆಳಗೆ ಹೋದಂತೆ ಒಳಕ್ಕೆ ಸರಿಯುವ ಗೋಡೆಯಾದರೆ ಬೆರಳು ಅದರಡಿಗೆ ಸಿಕ್ಕಿಕೊಂಡು ಮೌಸ್ ಸುಲಭವಾಗಿ ಮೇಲೇಳುತ್ತದೆ. ಹೊರಕ್ಕೆ ಹರಡಿದ್ದರೆ ಪ್ರತಿ ಸಲ ಎತ್ತುವಾಗಲೂ ಒತ್ತಿ ಹಿಡಿಯಬೇಕು. ಕಡಿಮೆ ಸೆನ್ಸಿಟಿವಿಟಿಯಲ್ಲಿ (ಮೌಸನ್ನು ಹೆಚ್ಚು ಸರಿಸಿದರೂ ಗುರಿ ಕಡಿಮೆ ಸರಿಯುವ ಸೆಟ್ಟಿಂಗ್) ಶೂಟಿಂಗ್ ಆಟ ಆಡುವವರು ಮೌಸನ್ನು ಎತ್ತಿ ಎತ್ತಿ ಇಡುತ್ತಲೇ ಇರುತ್ತಾರೆ, ಹೆಬ್ಬೆರಳ ಬುಡದ ನೋವು ಶುರುವಾಗುವುದು ಹೀಗೆಯೇ.

ನೋವಿನ ಜಾಗ ಹಿಡಿದು ತಪ್ಪನ್ನು ಪತ್ತೆ ಮಾಡಬಹುದು. ಕಿರುಬೆರಳ ಪಕ್ಕ ಪ್ಯಾಡಿಗೆ ಉಜ್ಜಿ ಕೆಂಪಾಗುತ್ತಿದ್ದರೆ ಬಲಬದಿಯಲ್ಲಿ ಆ ಬೆರಳಿಗೆ ನೆಲೆಯಿಲ್ಲ ಅಂತ ಅರ್ಥ. ಮುಂಗೈನ ಮೇಲ್ಭಾಗ ಸೆಳೆಯುತ್ತಿದ್ದರೆ ಮಣಿಕಟ್ಟು ಮೇಲಕ್ಕೆ ಬಾಗಿದೆ. ಮೌಸಿಗಿಂತ ಮೊದಲು ಕುರ್ಚಿ ಏರಿಸಿ, ಮೊಣಕೈ ಸುಮಾರು 90 ಡಿಗ್ರಿಗೆ ಬಂದು ಮುಂಗೈ ಮೇಜಿನ ಮಟ್ಟಕ್ಕೆ ಕೂರಲಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿದ್ದರೆ ಮಣಿಕಟ್ಟಿನ ನಡುವೆ ಹಾಯುವ ಮೀಡಿಯನ್ ನರಕ್ಕೆ ಒತ್ತಡ ಬೀಳುತ್ತಿರಬಹುದು. ಕಿರುಬೆರಳ ಕಡೆ ಜೋಮಾದರೆ ಅಲ್ನಾರ್ ನರ, ಮೊಣಕೈಯನ್ನು ಮೇಜಿನಂಚಿಗೆ ಊರುವ ಅಭ್ಯಾಸವೂ ಕಾರಣವಾಗಬಹುದು. ಜೋಮು ರಾತ್ರಿಯೂ ಬರುತ್ತಿದ್ದರೆ, ಆಟ ಬಿಟ್ಟ ಮೇಲೂ ಹೋಗದಿದ್ದರೆ ಮೌಸ್ ಬದಲಿಸುತ್ತಾ ಕೂರಬೇಡಿ, ವೈದ್ಯರಿಗೆ ತೋರಿಸಿ.

ತೂಕದ ಬಗ್ಗೆ ಈಗ ಎಲ್ಲರಿಗೂ ಗೊತ್ತು: ಫಿಂಗರ್‌ಟಿಪ್‌ಗೆ ಹಗುರವಾದಷ್ಟೂ ಒಳ್ಳೆಯದು, ಪಾಮ್‌ಗೆ 80 ಗ್ರಾಂ ಇದ್ದರೂ ತೊಂದರೆಯಿಲ್ಲ. ಅದಕ್ಕಿಂತ ಕಡಿಮೆ ಚರ್ಚೆಯಾಗುವುದು ಸಮತೋಲನ. ಲಾಜಿಟೆಕ್ ಜಿ305 ಒಂದು ಎಎ ಸೆಲ್ ಸೇರಿ 99 ಗ್ರಾಂ, ಆ ಸೆಲ್ ಇರುವುದು ಅಂಗೈನ ಕೆಳಗೆ. ಹಾಗಾಗಿ ಎತ್ತಿದಾಗ ಹಿಂಬದಿ ಕೆಳಗೆ ತೂಗುತ್ತದೆ. ಮಾಮೂಲಿ ಆಲ್ಕಲೈನ್ ಸೆಲ್ ಸುಮಾರು 23 ಗ್ರಾಂ, ಅದೇ ಅಳತೆಯ ಲಿಥಿಯಂ ಸೆಲ್ ಸುಮಾರು 15. ಸೆಲ್ ಬದಲಿಸಿದರೆ 8 ಗ್ರಾಂ ಇಳಿಯುವುದಲ್ಲದೆ, ಇಳಿಯುವುದು ಬೇಕಾದ ಜಾಗದಲ್ಲೇ.

ಎಡಗೈಯವರು ಸಮ ಆಕಾರ ಅಂದ ಕೂಡಲೇ ಒಪ್ಪಿಕೊಳ್ಳಬೇಡಿ. ಲಾಜಿಟೆಕ್‌ನ 2018ರ ಜಿ ಪ್ರೋ ವೈರ್‌ಲೆಸ್‌ನಲ್ಲಿ ಸೈಡ್ ಬಟನ್‌ಗಳನ್ನು ಯಾವ ಪಕ್ಕಕ್ಕೆ ಬೇಕಾದರೂ ಹಾಕಿಕೊಳ್ಳಬಹುದಿತ್ತು, 2020ರಲ್ಲಿ ಬಂದ ಸೂಪರ್‌ಲೈಟ್‌ನಲ್ಲಿ ಎಡಕ್ಕೆ ಮಾತ್ರ ಉಳಿದವು. ಅಂಥ ಮೌಸನ್ನು ಎಡಗೈಯಲ್ಲಿ ಹಿಡಿದರೆ ಬಟನ್‌ಗಳು ಹೆಬ್ಬೆರಳಿಗೆ ಸಿಗುವುದಿಲ್ಲ.

ಕೈಯಲ್ಲಿ ಹಿಡಿದು ನೋಡುವ ಅವಕಾಶವಿಲ್ಲದಿದ್ದರೆ ಮಾಡೆಲಿಂಗ್ ಕ್ಲೇ ತನ್ನಿ. ಈಗಿನ ಮೌಸಿನ ಬೆನ್ನಿಗೆ ತೆಳು ಪ್ಲಾಸ್ಟಿಕ್ ಹೊದಿಸಿ, ಅದರ ಮೇಲೆ 3 ಮಿ.ಮೀ. ದಪ್ಪ ಕ್ಲೇ ಹಚ್ಚಿ ಹಿಡಿಯಿರಿ. ಕೈ ಹಗುರಾಯಿತು ಅನ್ನಿಸಿದರೆ ನಿಮಗೆ ಬೇಕಿರುವುದು ಎತ್ತರ. ಉಬ್ಬನ್ನು ಹಿಂದಕ್ಕೆ, ಮುಂದಕ್ಕೆ ಸರಿಸಿಯೂ ನೋಡಿ. ಹಿತವಾದ ಜಾಗ ಸಿಕ್ಕಿದಾಗ ಸ್ಕೇಲಿನಿಂದ ಅಳೆದು ಬರೆದಿಟ್ಟುಕೊಳ್ಳಿ. ಆಮೇಲೆ ಆ ಸಂಖ್ಯೆಗೆ ಹತ್ತಿರದ ಮೌಸ್‌ಗಳನ್ನಷ್ಟೇ ಹುಡುಕಿದರೆ ಸಾಕು. ಜ಼ೋವಿ ಇಸಿ ಥರ ಒಂದೇ ಆಕಾರ ಹಲವು ಸೈಜಿನಲ್ಲಿ ಸಿಗುವ ಸರಣಿಗಳು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತವೆ. ಆಕಾರ ಒಗ್ಗಿ ಸೈಜು ಒಗ್ಗದಿದ್ದರೆ ಮತ್ತೆ ಮೊದಲಿನಿಂದ ಹುಡುಕಬೇಕಿಲ್ಲ.

ಹೊಸ ಮೌಸ್ ಬಂದ ದಿನ ಏಮ್ ಕೆಟ್ಟಿತು ಅಂತ ಗಾಬರಿಯಾಗಬೇಡಿ. ಎರಡು ಮೌಸ್‌ಗಳಲ್ಲಿ 800 ಡಿಪಿಐ (ಒಂದು ಇಂಚು ಸರಿಸಿದರೆ ಮೌಸ್ ಎಣಿಸುವ ಹೆಜ್ಜೆಗಳು) ಅಂತ ಇದ್ದರೂ ನಿಜವಾದ ಓಟದಲ್ಲಿ ಸ್ವಲ್ಪ ವ್ಯತ್ಯಾಸ ಇರುತ್ತದೆ. ವಿಂಡೋಸ್‌ನಲ್ಲಿ, ಕೈಯ ವೇಗಕ್ಕೆ ತಕ್ಕಂತೆ ಕರ್ಸರ್‌ನ ಓಟ ಬದಲಿಸುವ ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಷನ್ ಆಫ್ ಮಾಡಿ, ಸ್ಕೇಲಿನ ಪಕ್ಕದಲ್ಲಿ ಹಳೆಯ ಮೌಸನ್ನು 5 ಸೆಂ.ಮೀ. ಸರಿಸಿ ಕರ್ಸರ್ ಎಲ್ಲಿ ನಿಂತಿತು ಗುರುತು ಹಾಕಿ. ಹೊಸದನ್ನೂ ಅಷ್ಟೇ ಸರಿಸಿ, ಅದೇ ಗುರುತಿಗೆ ಬರುವವರೆಗೆ ಡಿಪಿಐಯನ್ನು ಸಾಫ್ಟ್‌ವೇರ್ ಬಿಡುವಷ್ಟು ಚಿಕ್ಕ ಹೆಜ್ಜೆಗಳಲ್ಲಿ ಬದಲಿಸಿ. ಇಷ್ಟಾದ ಮೇಲೂ ಮಣಿಕಟ್ಟಿನ ಫ್ಲಿಕ್ (ಥಟ್ಟನೆ ತಿರುಗಿಸುವುದು) ಮಾತ್ರ ಗುರಿ ದಾಟುತ್ತಿದ್ದರೆ ಹೊಸದರ ತಳದಲ್ಲಿ ಚಲನೆ ಗುರುತಿಸುವ ಸೆನ್ಸರ್ ಇನ್ನೂ ಮುಂದಕ್ಕಿದೆ ಅಂತ ಲೆಕ್ಕ: ಮಣಿಕಟ್ಟಿನಿಂದ ದೂರವಿದ್ದಷ್ಟೂ ಅದೇ ತಿರುವಿಗೆ ಸೆನ್ಸರ್ ದೊಡ್ಡ ಕಮಾನು ಬರೆಯುತ್ತದೆ. ಆಗ ಸೆನ್ಸಿಟಿವಿಟಿಯನ್ನು ತುಸು ಇಳಿಸಿ, ಎರಡು ವಾರ ಮತ್ತೆ ಅದನ್ನು ಮುಟ್ಟದೆ ಆಡಿ.