ವಜ್ರದ ಪುಡಿ ಕೈಬಿಟ್ಟೆವು: ಪುಣೆಯ ಸ್ಪಿನ್ ಬೆಂಚು, ನಾಲ್ಕನೇ ಕಂತು

ಕೋಥ್ರೂಡ್‌ನ ಬೆಂಚಿನ ಮೇಲೆ 2.87 ಗಿಗಾಹರ್ಟ್ಸ್‌ನ ತಗ್ಗು ಈಗ ಪ್ರತಿ ಸಲವೂ ಕಾಣುತ್ತಿದೆ. ಹಸಿರು ಲೇಸರಿಗೆ ಕೆಂಪಗೆ ಹೊಳೆಯುವ ವಜ್ರ, ಆ ಆವರ್ತನದ ಮೈಕ್ರೋವೇವ್ ತಾಗಿದಾಗ ತುಸು ಮಂಕಾಗುತ್ತದೆ; ಅದೇ ಈ ತಗ್ಗು. ಆದರೆ ಕ್ಯೂಬಿಟ್‌ಗೆ, ಅಂದರೆ ಎರಡು ಮಟ್ಟದ ಕ್ವಾಂಟಂ ಬಿಟ್‌ಗೆ, ಅಷ್ಟು ಸಾಲದು. ಎನ್‌ವಿ ಕೇಂದ್ರ ಎಂದರೆ ವಜ್ರದೊಳಗೆ ಒಂದು ನೈಟ್ರೋಜನ್ ಪರಮಾಣು, ಅದರ ಪಕ್ಕ ಒಂದು ಖಾಲಿ ಜಾಗ. ಅದರ ಎಲೆಕ್ಟ್ರಾನ್ ಸ್ಪಿನ್‌ಗೆ (ಪುಟ್ಟ ಅಯಸ್ಕಾಂತದಂಥ ಗುಣ) ಇರುವುದು ಮೂರು ಮಟ್ಟ: 0, +1, −1. ಈ ಮೂರರಲ್ಲಿ ಎರಡನ್ನು ಮಾತ್ರ ಬಳಸಬೇಕಾದರೆ ಅಯಸ್ಕಾಂತ ಹಿಡಿದು +1 ಮತ್ತು −1ನ್ನು ದೂರ ಸರಿಸಬೇಕು. ಪುಡಿಯಲ್ಲಿ ಇದು ಆಗುವುದಿಲ್ಲ. ಒಂದೊಂದು ಕಣ ಒಂದೊಂದು ದಿಕ್ಕಿಗೆ ಮುಖ ಮಾಡಿರುತ್ತದೆ. ಅಯಸ್ಕಾಂತ ಹತ್ತಿರ ತಂದರೆ ತಗ್ಗು ಒಡೆಯದೆ ಅಗಲವಾಗಿ ಕಲಸಿಹೋಗುತ್ತದೆ.

ಹಾಗಾಗಿ ಒಂದೇ ಹರಳು. ಹರಳಿನೊಳಗೆ ಎನ್‌ವಿಗಳು ಮುಖ ಮಾಡಬಲ್ಲ ಅಕ್ಷ ನಾಲ್ಕೇ. ಒಂದು ಅಕ್ಷದ ನೇರಕ್ಕೆ 50 ಗಾಸ್ (ಕಾಂತಕ್ಷೇತ್ರದ ಅಳತೆ) ಕೊಟ್ಟರೆ ಗಾಸ್‌ಗೆ 2.8 ಮೆಗಾಹರ್ಟ್ಸ್ ಲೆಕ್ಕದಲ್ಲಿ 2.73 ಮತ್ತು 3.01 ಗಿಗಾಹರ್ಟ್ಸ್‌ನಲ್ಲಿ ಎರಡು ತಗ್ಗು. ಉಳಿದ ಮೂರು ಅಕ್ಷಗಳು ಒಟ್ಟಿಗೆ ಬಿದ್ದು ಒಳಗಡೆ ಇನ್ನೆರಡು, ಹೆಚ್ಚು ಆಳವಾದವು. ಎಂಟು ತಗ್ಗು ಕಂಡರೆ ಅಯಸ್ಕಾಂತ ಓರೆಯಾಗಿದೆ; ಒಳಗಿನವು ಒಂದಾಗುವವರೆಗೆ ತಿರುಗಿಸುತ್ತಾ ಹೋಗಬೇಕು. ತಾಳ್ಮೆಯ ಕೆಲಸ.

ಲೇಸರ್ 520 ನ್ಯಾನೋಮೀಟರ್ ಡಯೋಡ್. ಅಗ್ಗದ 532ರ ಪಾಯಿಂಟರ್ ಬೇಡವೇ ಬೇಡ: ಅದರಿಂದ ಸೋರುವ 808ರ ಅವಗೆಂಪು 650ರ ಲಾಂಗ್‌ಪಾಸ್ ಫಿಲ್ಟರನ್ನು (650ಕ್ಕಿಂತ ಉದ್ದದ ಅಲೆಯನ್ನಷ್ಟೇ ಬಿಡುವುದು) ದಾಟಿ ಸೀದಾ ನಮ್ಮ ಡಿಟೆಕ್ಟರಾದ ಬಿಪಿಡಬ್ಲ್ಯು34 ಫೋಟೊಡಯೋಡಿಗೆ ಬಡಿಯುತ್ತದೆ. ಲೇಸರ್ ತಡೆಯುವ ರಕ್ಷಣಾ ಕನ್ನಡಕ ಹಾಕದೆ ಲೇಸರ್ ಹಚ್ಚಬಾರದು. ಮೈಕ್ರೋವೇವ್ ಹುಟ್ಟಿಸಲು ಎಡಿಎಫ್4351 ಬೋರ್ಡು, ಅದರ ಮುಂದೆ ಆಂಪ್ಲಿಫೈಯರ್, ತುದಿಯಲ್ಲಿ 1 ಮಿಲಿಮೀಟರ್ ತಾಮ್ರದ ಸುತ್ತು. ರೆಸಿಸ್ಟರು, ತಂತಿ, ಡಬ್ಬಿಯೆಲ್ಲ ಬುಧವಾರ ಪೇಠೆಯಲ್ಲೇ ಸಿಗುತ್ತವೆ.

ಮೈಕ್ರೋವೇವನ್ನು ಸೆಕೆಂಡಿಗೆ 1,025 ಸಲ ಹಚ್ಚಿ ಆರಿಸಿ, ಅದೇ ಲಯದ ಸಿಗ್ನಲನ್ನು ಮಾತ್ರ ಎಣಿಸುತ್ತೇವೆ. ದುಂಡಗೆ 1,000 ಇಟ್ಟಿದ್ದು ತಪ್ಪಾಯಿತು. ಅದು ಮನೆಯ ಕರೆಂಟಿನ 50 ಹರ್ಟ್ಸ್‌ನ ಸರಿಯಾಗಿ ಇಪ್ಪತ್ತು ಪಟ್ಟು, ಗುಂಯ್‌ಗುಡುವಿಕೆಯೆಲ್ಲ ಒಳಗೆ ಬಂತು.

ಇನ್ನೊಂದು ಮೋಸ: ಆಂಪ್ಲಿಫೈಯರಿನ ಅಲೆ ಡಿಟೆಕ್ಟರಿನ ತಂತಿಗೇ ಹತ್ತಿ ಸುಳ್ಳು ತಗ್ಗು ಮೂಡಿಸುತ್ತದೆ. ಲೇಸರಿಗೆ ರಟ್ಟು ಅಡ್ಡ ಹಿಡಿಯಿರಿ. ಆಗಲೂ ತಗ್ಗು ಉಳಿದರೆ ಅದು ವಜ್ರದ್ದಲ್ಲ. ಡಿಟೆಕ್ಟರನ್ನು ಲೋಹದ ಡಬ್ಬಿಯೊಳಗೆ ಕೂರಿಸಿದ ಮೇಲೆ ಹೋಯಿತು.

ತಗ್ಗು ನಿಧಾನಕ್ಕೆ ಕೆಳಗೆ ಜಾರುತ್ತಿದ್ದರೆ ಅಯಸ್ಕಾಂತವನ್ನೇ ದೂರಬೇಡಿ. ಹರಳು ಬಿಸಿಯಾದಂತೆ ಡಿಗ್ರಿಗೆ ಸುಮಾರು 74 ಕಿಲೋಹರ್ಟ್ಸ್ ಇಳಿಯುತ್ತದೆ. 20 ಡಿಗ್ರಿ ಏರಿದರೆ ಒಂದೂವರೆ ಮೆಗಾಹರ್ಟ್ಸ್.

ಮುಂದಿನದು ರಾಬಿ ಆಂದೋಲನ: ಮೈಕ್ರೋವೇವ್ ಪಲ್ಸಿನಿಂದ ಸ್ಪಿನ್ ಎರಡು ಮಟ್ಟಗಳ ನಡುವೆ ಹೋಗಿ ಬರುವುದು. ಬೋರ್ಡಿಗೆ ಆದೇಶ ಕಳಿಸಿ ಹಚ್ಚಿ ಆರಿಸುವುದು ಅದಕ್ಕೆ ತೀರಾ ನಿಧಾನ. ಹತ್ತಾರು ನ್ಯಾನೋಸೆಕೆಂಡಿನ ಪಲ್ಸ್ ಬೇಕು. ಅಷ್ಟು ಬೇಗ ಮೈಕ್ರೋವೇವ್ ಹಚ್ಚಿ ಆರಿಸುವ ಆರ್‌ಎಫ್ ಸ್ವಿಚ್ ಇನ್ನೂ ಕೈಗೆ ಬಂದಿಲ್ಲ.